ಶಾಸಕರೇ, ನಮ್ಮ ಹಳ್ಳದ ಕಪ್ಪೆಗೆ ಒಂದೇ ಸಾಲು ಸಾಲದು

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನ ಅಡಿಕೆ ತೋಟದವನು. ನಮ್ಮೂರ ಹಳ್ಳಕ್ಕೆ ಕಾಲುಸಂಕದ ಬದಲು ಸೇತುವೆ ಆಗುತ್ತದಂತೆ. ಖುಷಿ. ಮಳೆಗಾಲದಲ್ಲಿ ಮಕ್ಕಳ ಕೈ ಹಿಡಿದು ಆ ಸಂಕ ದಾಟಿಸುವವರಿಗೆ ಗೊತ್ತು ಅದರ ಭಯ. ಹಾಗಾಗಿ ಸೇತುವೆ ಬೇಡ ಅನ್ನುವ ಪತ್ರ ಇದಲ್ಲ.

ನನ್ನ ತಕರಾರು ಒಂದು ಕಡತದ ಬಗ್ಗೆ. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಪಂಚಾಯಿತಿಗೊಂದು ಜನತಾ ಜೀವವೈವಿಧ್ಯ ದಾಖಲಾತಿ ಅಂತ, ಅಂದರೆ ಊರಿನ ಗಿಡ-ಪ್ರಾಣಿಗಳ ಪಟ್ಟಿ, ಮಾಡಿದ್ದಾರಲ್ವಾ, ನಮ್ಮದರಲ್ಲಿ 'ಕಪ್ಪೆ' ಅಂತ ಒಂದೇ ಸಾಲು ಇದೆ. ಮುಗೀತು.

ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಗೆ ವಿಜ್ಞಾನದ ಹೆಸರು ಸಿಕ್ಕಿದ್ದು 2014ರಲ್ಲಿ. ಅದೇ ವರ್ಷ ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳ ಪಟ್ಟಿಗೆ ಒಂದೇ ಸಲ 14 ಹೊಸ ಪ್ರಭೇದ ಸೇರಿದವು. ನೋಡಲು ಎಲ್ಲಾ ಒಂದೇ ಥರ. ಬೇರೆ ಬೇರೆ ಅಂತ ತಿಳಿಯಲು ಮೈಗುರುತಿನ ಜೊತೆಗೆ ಡಿಎನ್‌ಎಯನ್ನೂ ನೋಡಬೇಕಾಯಿತು.

ಅದರಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಮೈಟೊಕಾಂಡ್ರಿಯದ ಡಿಎನ್‌ಎ. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಪುಟ್ಟ ಭಾಗಕ್ಕೆ ತನ್ನದೇ ಡಿಎನ್‌ಎ ಇದೆ. ಮನುಷ್ಯರಲ್ಲಾದರೆ 37 ಜೀನ್, 16,569 ಅಕ್ಷರ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಒಂದು ಅಕ್ಷರ ಅನ್ನುತ್ತಾರೆ). ಸಾಮಾನ್ಯವಾಗಿ ಇದು ತಾಯಿಯಿಂದ ಮಾತ್ರ ಬರುತ್ತದೆ. ಅಪ್ಪನದು ಬೆರೆಯುವುದಿಲ್ಲ, ಹಾಗಾಗಿ ಅಮ್ಮ, ಅಜ್ಜಿ, ಮುತ್ತಜ್ಜಿ ಅಂತ ತವರಿನ ದಾರಿ ಹಿಡಿದು ಹಿಂದೆ ಹಿಂದೆ ಹೋಗಬಹುದು. ಪ್ರಾಣಿಗಳಲ್ಲಿ ಇದು ಕೋಶಕೇಂದ್ರದ ಡಿಎನ್‌ಎಗಿಂತ ಬೇಗ ಬದಲಾಗುತ್ತದೆ, ಆದ್ದರಿಂದ ನಡುವೆ ಗುಡ್ಡವೋ ಕಣಿವೆಯೋ ಅಡ್ಡ ಬಂದು ಎಂದೋ ಬೇರೆಯಾದ ಎರಡು ಕುಲಗಳು ಕಣ್ಣಿಗೆ ಅವಳಿಗಳಂತೆ ಕಂಡರೂ ಇಲ್ಲಿ ಸಿಕ್ಕಿಬೀಳುತ್ತವೆ. ಒಂದೊಂದು ಕೋಶದಲ್ಲೂ ಇದರ ನೂರಾರು ಪ್ರತಿಗಳಿರುವುದರಿಂದ ಕಪ್ಪೆಯ ಬಾಯೊಳಗೆ ಹತ್ತಿಕಡ್ಡಿ ಆಡಿಸಿದರೂ ಸಾಕಾಗುತ್ತದೆ. ಕೊಲ್ಲಬೇಕಿಲ್ಲ. ಸುಮಾರು 650 ಅಕ್ಷರದ ಒಂದು ತುಣುಕನ್ನೇ ಪ್ರಾಣಿಗಳ ಪ್ರಭೇದ ಗುರುತಿಸುವ ಬಾರ್‌ಕೋಡ್ ಮಾಡಿಕೊಳ್ಳೋಣ ಅಂತ 2003ರಲ್ಲೇ ಕೆನಡಾದ ವಿಜ್ಞಾನಿಗಳು ಹೇಳಿದ್ದರು.

ಇದೊಂದೇ ಸಾಲದು, ಅದೂ ನಿಜ. ತಾಯಿ ಕಡೆಯ ಕಥೆ ಮಾತ್ರ ಹೇಳುವುದರಿಂದ ಎರಡು ಜಾತಿ ಕೂಡಿ ಹುಟ್ಟಿದ ಮರಿಯ ಅಪ್ಪ ಯಾರು ಅಂತ ಇದಕ್ಕೆ ತಿಳಿಯದು. ಕಪ್ಪೆಯ ಕೂಗನ್ನೂ ರೆಕಾರ್ಡ್ ಮಾಡಬೇಕು, ಮೈಯನ್ನೂ ಅಳೆಯಬೇಕು.

ಸೇತುವೆ ಕೆಲಸ ಹೇಗೂ ಬೇಸಿಗೆಯಲ್ಲೇ ಶುರುವಾಗುವುದು. ನಡುವೆ ಒಂದು ಮಳೆಗಾಲ ಸುಮ್ನೆ ಕಳೆಯುತ್ತದೆ. ಅಷ್ಟರೊಳಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರನ್ನು ಕರೆಸಿ, ಅರಣ್ಯ ಇಲಾಖೆಯ ಅನುಮತಿ ಕೊಡಿಸಿ, ಈ ಹಳ್ಳದ ಕಪ್ಪೆಗಳ ಡಿಎನ್‌ಎ ಮಾದರಿ ತೆಗೆಸಿ. ಜೆಸಿಬಿ ಇಳಿದ ಮೇಲೆ ಹುಡುಕಿ ಏನು ಪ್ರಯೋಜನ? ಎಷ್ಟು ಬಗೆ ಸಿಕ್ಕಿದವೋ ಅಷ್ಟನ್ನೂ ದಾಖಲಾತಿಯಲ್ಲಿ ಬರೆಸಿ, ಪಿಲ್ಲರ್ ಎಲ್ಲಿ ನಿಲ್ಲಿಸಬೇಕು ಅಂತ ಎಂಜಿನಿಯರ್ ಆಮೇಲೆ ಗುರುತು ಹಾಕಲಿ.

ಜುಲೈನಲ್ಲಿ ಒಂದು ಸಂಜೆ ನೀವೇ ಬನ್ನಿ. ಕತ್ತಲಾದ ಮೇಲೆ ಹಳ್ಳದ ದಡದಲ್ಲಿ ನಿಂತು ಎಷ್ಟು ಥರದ ಕೂಗು ಕೇಳುತ್ತದೆ ಅಂತ ಎಣಿಸೋಣ. ಉಂಬಳ ಜಾಸ್ತಿ, ಬೂಟು ಹಾಕಿಕೊಂಡು ಬನ್ನಿ.

ಇಂತಿ,
ಹಳ್ಳದಾಚೆಯ ಒಬ್ಬ ಮತದಾರ