ಫೋಟೋಗ್ರಫಿ ಟ್ರೆಕ್ ಎಂದು ದುಡ್ಡು ತೆಗೆದುಕೊಂಡು ಮಾಮೂಲಿ ಟ್ರೆಕ್ ಮಾಡಿಸಿದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ಕಾಶ್ಮೀರ ಗ್ರೇಟ್ ಲೇಕ್ಸ್ 'ಫೋಟೋಗ್ರಫಿ ಸ್ಪೆಷಲ್' ಬ್ಯಾಚ್, ಜಾಸ್ತಿ ತೆಗೆದುಕೊಂಡ ಹಣ ವಾಪಸ್ ಕೊಡಿ

ನಮಸ್ಕಾರ.

ಆಗಸ್ಟ್‌ನ ನಿಮ್ಮ ಫೋಟೋಗ್ರಫಿ ಬ್ಯಾಚ್‌ನಲ್ಲಿ ನಾನೂ ಬಂದಿದ್ದೆ. ಮಾಮೂಲಿ ಬ್ಯಾಚ್‌ಗಿಂತ 9,000 ರೂಪಾಯಿ ಜಾಸ್ತಿ ಕಟ್ಟಿದ್ದೇನೆ. ಆ 9,000ಕ್ಕೆ ನೀವು ಕೊಟ್ಟಿದ್ದೇನು ಎಂದು ಕೇಳುವುದಕ್ಕೇ ಈ ಪತ್ರ. ಫೋನ್ ಮಾಡಿದರೆ "ಫೀಡ್‌ಬ್ಯಾಕ್ ಫಾರ್ಮ್ ತುಂಬಿ ಸಾರ್" ಅನ್ನುತ್ತೀರಿ. ಆ ಫಾರ್ಮ್‌ನಲ್ಲಿ ಇರುವುದು ಐದು ಸ್ಟಾರು, ಎರಡು ಸಾಲು ಜಾಗ. ನನ್ನ ದೂರು ಅದರಲ್ಲಿ ಹಿಡಿಸುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಊಟ, ಟೆಂಟು, ಲೋಕಲ್ ಗೈಡ್, ಕುದುರೆಯವರು, ಇವರ ಯಾರ ಮೇಲೂ ನನಗೆ ಬೇಸರವಿಲ್ಲ. ಗಡ್ಸರ್ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ದಾರಿ, ಸುಮಾರು 4,200 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಮ್ಮ ಗುಂಪಿನ ಒಬ್ಬರಿಗೆ ತಲೆನೋವು, ವಾಂತಿ ಶುರುವಾದಾಗ ಗೈಡ್ ಅವರನ್ನು ನೋಡಿಕೊಂಡ ರೀತಿಗೆ ಕೈ ಮುಗಿಯಬೇಕು. ನನ್ನ ದೂರು ಬೆಂಗಳೂರಿನ ಆಫೀಸಿನಲ್ಲಿ ಕೂತು ಈ ಟ್ರೆಕ್‌ನ ಟೈಮ್‌ಟೇಬಲ್ ಹಾಕಿದವರ ಮೇಲೆ.

ಬೆಟ್ಟ, ಕೆರೆಗಳ ಫೋಟೋ ತೆಗೆಯುವವರಿಗೆ ದಿನದಲ್ಲಿ ಬೇಕಾಗಿರುವುದು ಎರಡು ಹೊತ್ತು. ಸೂರ್ಯ ಹುಟ್ಟುವ ಮುಂಚಿನಿಂದ ಸ್ವಲ್ಪ ಮೇಲೆ ಬರುವವರೆಗೆ, ಮತ್ತೆ ಮುಳುಗುವ ಹೊತ್ತು. ನಡುವಿನ ಬಿಸಿಲಲ್ಲಿ ಮೊಬೈಲ್ ಸಾಕು, ಅದಕ್ಕೆ ಯಾರೂ ಮೂರು ಕೆಜಿ ಸಾಮಾನು ಹೊತ್ತುಕೊಂಡು ಟ್ರೆಕ್ ಶುರುವಾಗುವ ಸೋನ್‌ಮಾರ್ಗ್‌ನಿಂದ ಮುಗಿಯುವ ನಾರಾನಾಗ್‌ವರೆಗೆ ನಡೆಯುವುದಿಲ್ಲ. ನಿಮ್ಮ ಟೈಮ್‌ಟೇಬಲ್ ನೋಡಿ: ಬೆಳಿಗ್ಗೆ ಐದೂವರೆಗೆ ಟೀ, ಆರಕ್ಕೆ ಬ್ಯಾಗ್ ಪ್ಯಾಕ್, ಆರೂವರೆಗೆ ತಿಂಡಿ, ಏಳಕ್ಕೆ ಹೊರಡುವುದು. ರಾತ್ರಿ ಊಟ ಏಳಕ್ಕೆ. ಬೆಂಗಳೂರಲ್ಲಾದರೆ ಸರಿ, ಆಗಸ್ಟ್‌ನಲ್ಲಿ ಏಳಕ್ಕೆಲ್ಲ ಕತ್ತಲಾಗುತ್ತದೆ. ಕಾಶ್ಮೀರದಲ್ಲಿ ಅದೇ ತಿಂಗಳು ಸೂರ್ಯ ಮುಳುಗುವುದೇ ಏಳೂಕಾಲರ ಹೊತ್ತಿಗೆ, ಅದಾದ ಮೇಲೂ ಅರ್ಧ ಗಂಟೆ ಆಕಾಶದಲ್ಲಿ ಬಣ್ಣ ಇರುತ್ತದೆ. ಅಂದರೆ ಇಡೀ ದಿನದಲ್ಲಿ ಯಾವ ಒಂದು ಗಂಟೆಗಾಗಿ ನಾವು ಬಂದಿದ್ದೆವೋ ಅದೇ ಹೊತ್ತಿಗೆ ಸರಿಯಾಗಿ ನಿಮ್ಮ ಟ್ರೆಕ್ ಲೀಡರ್ ಶಿಳ್ಳೆ ಹೊಡೆದು ಡೈನಿಂಗ್ ಟೆಂಟ್‌ಗೆ ಕರೆಯುತ್ತಿದ್ದರು, ಹೋಗದಿದ್ದರೆ ಅನ್ನ ತಣ್ಣಗಾಗುತ್ತದೆ ಎಂದು ಬೈಗುಳ ಬೇರೆ. ತಣ್ಣಗಿನ ಅನ್ನ ತಿನ್ನುವುದಕ್ಕೆ ನಾವು ತಯಾರಿದ್ದೆವು ಸ್ವಾಮಿ, ಕೇಳಿದ್ದರೆ ಹೇಳುತ್ತಿದ್ದೆವು.

ಗಡ್ಸರ್ ಕೆರೆಗೆ ನಾವು ತಲುಪಿದ್ದು ಮಧ್ಯಾಹ್ನ. ಬಿಸಿಲೇರಿದ ಮೇಲೆ ಕಣಿವೆಯಿಂದ ಮೇಲಕ್ಕೆ ಗಾಳಿ ಏಳುತ್ತದೆ, ನೀರು ಅಲುಗಾಡುತ್ತದೆ, ಬೆಟ್ಟದ ಪ್ರತಿಬಿಂಬ ಚೂರುಚೂರಾಗುತ್ತದೆ. ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ನೀರಿನ ಹೊಳಪು ಕಡಿಮೆಯಾಗಿ ತಳದ ಕಲ್ಲು ಕಾಣುತ್ತದೆ, ಅಷ್ಟೇ ಸಮಾಧಾನ. ಸರಿ, ಲಾಂಗ್ ಎಕ್ಸ್‌ಪೋಶರ್ ಮಾಡಿ, ಅಂದರೆ ಕ್ಯಾಮೆರಾ ಅಲುಗದಂತೆ ಇಟ್ಟು ಶಟರ್ ತುಂಬ ಹೊತ್ತು ತೆರೆದಿಟ್ಟು, ಅಲೆಗಳನ್ನು ನುಣ್ಣಗೆ ಮಾಡೋಣ ಅಂದರೆ ಟ್ರೈಪಾಡ್ ಇಲ್ಲ. ಯಾಕೆ ಇಲ್ಲ? "ಟ್ರೈಪಾಡ್ ಭಾರ ಹೊರಬೇಡಿ, ಕುದುರೆ ಮೇಲೆ ಹಾಕುತ್ತೇವೆ" ಎಂದು ಅದಕ್ಕೂ ಬೇರೆ ದುಡ್ಡು ತೆಗೆದುಕೊಂಡಿದ್ದಿರಿ. ಕುದುರೆಗಳು ನಮ್ಮ ಜೊತೆ ನಿಂತು ಕಾಯುವುದಿಲ್ಲ, ನೇರ ಮುಂದಿನ ಕ್ಯಾಂಪಿಗೆ ಹೋಗಿಬಿಡುತ್ತವೆ. ಗಡ್ಸರ್‌ನಲ್ಲಿ ಕ್ಯಾಂಪ್ ಇರುವುದು ಕೆರೆಯ ಪಕ್ಕದಲ್ಲಲ್ಲ, ಇನ್ನೂ ಮುಂದೆ, ಸೈನ್ಯದ ಚೆಕ್‌ಪೋಸ್ಟ್ ಹತ್ತಿರ. ನಾವು ಕೆರೆ ದಡದಲ್ಲಿ ಉಸಿರು ಬಿಗಿಹಿಡಿದು ಕೈಯಲ್ಲೇ ಕ್ಯಾಮೆರಾ ಹಿಡಿದುಕೊಂಡಿದ್ದಾಗ ನಮ್ಮ ಟ್ರೈಪಾಡುಗಳು ಕ್ಯಾಂಪ್‌ನ ಹುಲ್ಲಿನ ಮೇಲೆ ಆರಾಮವಾಗಿ ಮಲಗಿದ್ದವು.

ಇದಕ್ಕೆ ನೀವು ಕೊಟ್ಟ ಉತ್ತರ "ಸೇಫ್ಟಿ ಮೊದಲು ಸಾರ್, ಮಧ್ಯಾಹ್ನದ ಮೇಲೆ ಹವಾಮಾನ ಕೆಡುತ್ತದೆ, ಬೇಗ ಪಾಸ್ ದಾಟಬೇಕು". ಒಪ್ಪಿದೆ. ಪಾಸ್ ದಾಟುವ ದಿನಕ್ಕೆ ಅದು ಸರಿಯಾದ ಮಾತು, ಅವತ್ತು ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿದರೂ ನಾನು ಕೇಳುವುದಿಲ್ಲ. ಆದರೆ ನಂದ್‌ಕೋಲ್ ಕೆರೆಯ ಹತ್ತಿರ ಏನಾಯಿತು? ಅಲ್ಲಿ ಕ್ಯಾಂಪಿನ ಎದುರಿಗೇ ಹರಮುಖ ಶಿಖರ ನಿಂತಿದೆ, 5,142 ಮೀಟರ್. 1856ರಲ್ಲಿ ಸರ್ವೆಗೆ ಬಂದಿದ್ದ ಮಾಂಟ್‌ಗೊಮರಿ ದೂರದ ಕಾರಾಕೋರಂನ ಎರಡು ಶಿಖರಗಳನ್ನು ಗುರುತಿಸಿ ಕೆ1, ಕೆ2 ಎಂದು ಬರೆದುಕೊಂಡದ್ದು ಈ ಹರಮುಖದ ಮೇಲಿಂದಲೇ. ಕೆರೆ ಕಡೆಯ ಅದರ ಹಿಮದ ಮುಖಕ್ಕೆ ಮೊದಲ ಬಿಸಿಲು ಬೀಳುವುದು ಬೆಳಗಿನ ಹೊತ್ತು. ಸಂಜೆ ಸೂರ್ಯ ಅದರ ಹಿಂದೆ ಹೋಗುತ್ತಾನೆ, ಕೆರೆಯೆಲ್ಲ ನೆರಳು. ಹಾಗಾಗಿ ಅಲ್ಲಿ ಬೆಳಗು ತಪ್ಪಿದರೆ ಎಲ್ಲ ತಪ್ಪಿದ ಹಾಗೆ. ಅದೇ ಬೆಳಿಗ್ಗೆ ನಾರಾನಾಗ್‌ಗೆ ಇಳಿಯುವುದು ದೂರ ಇದೆ, ಜೀಪು ಕಾಯುತ್ತದೆ ಎಂದು ಕತ್ತಲಲ್ಲೇ ಟೆಂಟ್ ಬಿಚ್ಚಿಸಿದಿರಿ. ಜೀಪಿಗೂ ಸೇಫ್ಟಿಗೂ ಏನು ಸಂಬಂಧ? ನಾನು ಸ್ಲೀಪಿಂಗ್ ಬ್ಯಾಗ್ ಮಡಚುತ್ತಾ ತಲೆ ಎತ್ತಿ ನೋಡುವಷ್ಟರಲ್ಲಿ ಹರಮುಖ ಕೆಂಪಾಗಿ, ಬೆಳ್ಳಗೂ ಆಗಿತ್ತು.

ಫೋಟೋಗ್ರಫಿ ಬ್ಯಾಚ್ ಎಂದು ಕರೆದ ಮೇಲೆ ವಿಶನ್‌ಸರ್ ಕೆರೆಯ ಹತ್ತಿರ ಎರಡು ರಾತ್ರಿ, ನಂದ್‌ಕೋಲ್‌ನಲ್ಲಿ ಎರಡು ರಾತ್ರಿ ಇರಬೇಕು. ಒಂದು ಬೆಳಿಗ್ಗೆ ಮೋಡ ಮುಚ್ಚಿದರೆ ಇನ್ನೊಂದು ಬೆಳಿಗ್ಗೆ ಸಿಗಲಿ ಎಂದು. 9,000 ರೂಪಾಯಿ ಹೋಗಬೇಕಾಗಿದ್ದು ಅದಕ್ಕೆ. ನೀವು ಮಾಮೂಲಿ ಬ್ಯಾಚ್‌ನ ಪಟ್ಟಿಗೇ ಬೇರೆ ಹೆಸರು ಅಂಟಿಸಿದ್ದೀರಿ. ಅನುಮಾನವಿದ್ದರೆ ನಿಮ್ಮ ವೆಬ್‌ಸೈಟ್‌ನಲ್ಲೇ ಎರಡನ್ನೂ ಪಕ್ಕಪಕ್ಕ ತೆರೆದು ನೋಡಿ, ಒಂದು ನಿಮಿಷವೂ ಆಚೀಚೆ ಇಲ್ಲ.

ಇನ್ನು ಕ್ಷೀರಪಥದ ವಿಷಯ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ 'ಮಿಲ್ಕಿ ವೇ ನೈಟ್ಸ್' ಎಂದು ಹಾಕಿದ್ದಿರಿ. ನಾನು ಬುಕ್ ಮಾಡಿದ್ದು ಅಮಾವಾಸ್ಯೆಯ ವಾರದ ಬ್ಯಾಚ್. ಜನ ಕಡಿಮೆ ಇದ್ದಾರೆ ಎಂದು ನೀವೇ ಅದನ್ನು ಮುಂದಕ್ಕೆ ಹಾಕಿ ನಮ್ಮನ್ನು ನೂಲ ಹುಣ್ಣಿಮೆಯ ವಾರಕ್ಕೆ ತಳ್ಳಿದಿರಿ. ಹುಣ್ಣಿಮೆ ಬೆಳಕಲ್ಲಿ ಯಾವ ಕ್ಷೀರಪಥ ಕಾಣುತ್ತದೆ? ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿದ್ದರೂ ಗೊತ್ತಾಗುತ್ತಿತ್ತು. ಬದಲಾಯಿಸಿದ ದಿನವೇ ನಾನು ಈ ಬಗ್ಗೆ ಮೇಲ್ ಹಾಕಿದ್ದೆ. "ಬೆಳದಿಂಗಳಲ್ಲೂ ಚೆನ್ನಾಗಿರುತ್ತೆ ಸಾರ್" ಎಂದು ಉತ್ತರ ಬಂತು. ಬೆಳದಿಂಗಳು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನೀವು ಮಾರಿದ್ದು ಅದನ್ನಲ್ಲ ಅಲ್ವಾ?

ಜೊತೆಗೆ ಬಂದ 'ಫೋಟೋಗ್ರಫಿ ಮೆಂಟರ್' ಮದುವೆ ಫೋಟೋ ತೆಗೆಯುವ ಹುಡುಗ. ಒಳ್ಳೆಯ ಹುಡುಗ, ಕೆಲಸವೂ ಗೊತ್ತು, ಆದರೆ ಅಷ್ಟು ಎತ್ತರಕ್ಕೆ ಬಂದಿದ್ದು ಅದೇ ಮೊದಲು. ಪಾಪ, ತಲೆನೋವು ಎಂದು ಅರ್ಧ ಟ್ರೆಕ್ ಟೆಂಟ್‌ನಲ್ಲೇ ಕಳೆದ. ಅವನನ್ನು ಹಾಗೆ ಕಳಿಸಿದ್ದೂ ನಿಮ್ಮದೇ ತಪ್ಪು.

ಸೋಲಾರ್ ಚಾರ್ಜಿಂಗ್ ಎಂದಿದ್ದು ಕೊನೆಗೆ ಇಡೀ ಗುಂಪಿಗೆ ಒಂದು ಪವರ್ ಬ್ಯಾಂಕ್ ಆಯಿತು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಂಡು ಮಲಗಿ ಹೇಗೋ ಸುಧಾರಿಸಿದೆವು. ಡ್ರೋನ್ ತರಬಹುದು ಎಂದು ನಿಮ್ಮವರು ಹೇಳಿದ್ದನ್ನು ನಂಬಿ ಒಬ್ಬರು ತಂದಿದ್ದರು. ಗಡಿ ಹತ್ತಿರದ ಜಾಗ, ಹೆಜ್ಜೆಹೆಜ್ಜೆಗೂ ಸೈನ್ಯದವರು ಗುರುತಿನ ಚೀಟಿ ನೋಡುತ್ತಾರೆ, ಅಲ್ಲಿ ಯಾರು ಹಾರಿಸಲು ಬಿಡುತ್ತಾರೆ?

ಮತ್ತೊಂದು. ನಿಮ್ಮ ಜಾಹೀರಾತಿನ ಎರಡನೇ ಚಿತ್ರ ಕಾಶ್ಮೀರದ್ದಲ್ಲ. ಅದು ಕೆನಡಾದ ಬ್ಯಾನ್ಫ್‌ನಲ್ಲಿರುವ ಮೊರೇನ್ ಲೇಕ್. ಒಂದು ಕಾಲದಲ್ಲಿ ಅವರ 20 ಡಾಲರ್ ನೋಟಿನ ಹಿಂಭಾಗದಲ್ಲಿ ಅಚ್ಚಾಗುತ್ತಿದ್ದ ಕೆರೆ, ಫೋಟೋ ತೆಗೆಯುವವರು ಯಾರಾದರೂ ಥಟ್ಟನೆ ಗುರುತು ಹಿಡಿಯುತ್ತಾರೆ. ವಿಶನ್‌ಸರ್‌ನಂಥ ಕೆರೆ ಇಟ್ಟುಕೊಂಡು ಕೆನಡಾದಿಂದ ಸಾಲ ತರುವ ಗತಿ ಯಾಕೆ ಬಂತು ನಿಮಗೆ?

ಈಗ ಆ ಚಿತ್ರ ತೆಗೆದಿದ್ದೀರಿ, ಗಮನಿಸಿದೆ. ಅದರ ಜಾಗದಲ್ಲಿ ನನ್ನ ಫೋಟೋ ಹಾಕಿದ್ದೀರಿ! ಪಾಸ್ ಏರುವಾಗ ವಿಶನ್‌ಸರ್, ಕಿಶನ್‌ಸರ್ ಎರಡೂ ಒಟ್ಟಿಗೆ ಕಾಣುವ ಚಿತ್ರ. ಗುಂಪಿನ ವಾಟ್ಸಾಪ್‌ನಲ್ಲಿ ಎಲ್ಲರ ಜೊತೆ ಹಂಚಿಕೊಂಡಿದ್ದನ್ನು ನನ್ನ ಹೆಸರೂ ಇಲ್ಲದೆ, ಕೇಳದೆ, ಮೂಲೆಯಲ್ಲಿ ನಿಮ್ಮ ಲೋಗೋ ಒತ್ತಿ ಬಳಸಿದ್ದೀರಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಆ ಚಿತ್ರ ನನ್ನದು, ನಿಮಗೆ ಬರೆದುಕೊಟ್ಟಿಲ್ಲ.

ಹಾಗಾಗಿ ಕೇಳುತ್ತಿರುವುದು ಇಷ್ಟು. ಜಾಸ್ತಿ ತೆಗೆದುಕೊಂಡ 9,000 ಮತ್ತು ಟ್ರೈಪಾಡ್ ಸಾಗಣೆಯ ದುಡ್ಡು ಬ್ಯಾಂಕ್ ಖಾತೆಗೆ ವಾಪಸ್ ಬರಬೇಕು. ಮುಂದಿನ ಟ್ರೆಕ್‌ಗೆ ಡಿಸ್ಕೌಂಟ್ ಕೂಪನ್ ಕಳಿಸಬೇಡಿ, ಬೇಡ. ನನ್ನ ಫೋಟೋ ಇವತ್ತೇ ತೆಗೆಯಿರಿ. ಟೈಮ್‌ಟೇಬಲ್ ಬದಲಾಯಿಸುವ ತನಕ 'ಫೋಟೋಗ್ರಫಿ ಸ್ಪೆಷಲ್' ಎಂಬ ಹೆಸರನ್ನೂ ತೆಗೆಯಿರಿ, ಮುಂದಿನ ಸೀಸನ್‌ಗೆ ಈಗಲೇ ಬುಕಿಂಗ್ ಶುರು ಮಾಡಿದ್ದೀರಿ.

15 ದಿನದಲ್ಲಿ ಬರಹದಲ್ಲಿ ಉತ್ತರ ಬರದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಆಮೇಲೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದ ಮೇಲೆ ನಾನಿರುವ ಶಿವಮೊಗ್ಗದಲ್ಲೇ ಕೇಸ್ ಹಾಕಬಹುದು, ನಿಮ್ಮ ಊರಿಗೆ ಅಲೆಯಬೇಕಾಗಿಲ್ಲ. ಎರಡೂ ಟೈಮ್‌ಟೇಬಲ್, ರಸೀದಿ, ಬ್ಯಾಚ್ ಬದಲಾಯಿಸಿದ ಮೇಲ್, ಮೊರೇನ್ ಲೇಕ್ ಇದ್ದ ಜಾಹೀರಾತಿನ ಸ್ಕ್ರೀನ್‌ಶಾಟ್ ಇದರ ಜೊತೆ ಇಟ್ಟಿದ್ದೇನೆ. ಬುಕಿಂಗ್ ನಂಬರ್ ರಸೀದಿಯಲ್ಲಿದೆ.

ಇಂತಿ,
ನಿಮ್ಮ ಆಗಸ್ಟ್ ಬ್ಯಾಚ್‌ನ ಗ್ರಾಹಕ, ಶಿವಮೊಗ್ಗ