ರೋಮ್‌ಗೆ ಹೋಗುವ ಮೊದಲು ಬಾವುಟಗುಡ್ಡೆ ಹತ್ತು

ಕದ್ರಿ, ಮಂಗಳೂರು

ಪ್ರೀತಿಯ ಚಿನ್ನು,

ನೀನು ಕಳಿಸಿದ ರೋಮ್ ಪಟ್ಟಿ ನೋಡಿದೆ. ನಾಲ್ಕು ದಿನಕ್ಕೆ ಹತ್ತೊಂಬತ್ತು ಜಾಗ! ಕಾಲು ನೋಯುತ್ತದೆಯೇ ಹೊರತು ತಲೆಯಲ್ಲಿ ಏನೂ ಉಳಿಯುವುದಿಲ್ಲ ಮಾರಾಯ್ತಿ. ಅರ್ಧ ಹೊಡೆದುಹಾಕು. ಕೊಲೊಸಿಯಂ, ವ್ಯಾಟಿಕನ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಟಿಕೆಟ್ ಮೊದಲೇ ಬುಕ್ ಮಾಡಿಕೋ, ಅಷ್ಟೇ.

ಹೊರಡುವ ಮೊದಲು ನಮ್ಮ ಮಂಗಳೂರಿನ ಬಾವುಟಗುಡ್ಡೆ ಹತ್ತಿ, ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಒಂದು ಗಂಟೆ ಕೂತು ಬಾ. ಮೂರು ವರ್ಷ ಅದರ ಪಕ್ಕದಲ್ಲೇ ಓದಿದವಳು, ತಲೆ ಎತ್ತಿ ಎಷ್ಟು ನೋಡಿದ್ದೀ ಅಂತ ನನಗೆ ಗೊತ್ತು. ಆ ಚಿತ್ರಗಳು ಆಂಟೋನಿಯೊ ಮೊಸ್ಕೇನಿ ಎಂಬ ಇಟಲಿಯ ಬ್ರದರ್, ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದವರು, ಬಿಡಿಸಿದ್ದು, 1900ರ ಆಸುಪಾಸಿನಲ್ಲಿ. ಕೆಲವು ಕ್ಯಾನ್ವಾಸ್ ಮೇಲಿನ ಎಣ್ಣೆಬಣ್ಣ, ಉಳಿದದ್ದು ಫ್ರೆಸ್ಕೊ.

ಡ್ರಾಯಿಂಗ್ ಟೀಚರ್ ಆಗಿದ್ದವಳು, ಪಾಠ ಮಾಡದೆ ಬಿಡುವುದಿಲ್ಲ. ಫ್ರೆಸ್ಕೊ ಅಂದರೆ, ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣವನ್ನೂ ಒಳಗೆ ಹಿಡಿದುಕೊಳ್ಳುತ್ತದೆ. ಆಮೇಲೆ ತಿದ್ದಬೇಕೆಂದರೆ ಗಾರೆಯನ್ನೇ ಕೆರೆಯಬೇಕು. ಅದಕ್ಕೇ ಒಂದು ದಿನದಲ್ಲಿ ಮುಗಿಯುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುವುದು. ಬೆಳಕು ಅಡ್ಡ ಬಿದ್ದಾಗ ಒಂದು ದಿನದ ತುಂಡು ಇನ್ನೊಂದಕ್ಕೆ ಸೇರಿದ ಗೆರೆ ಕಾಣುವುದುಂಟು. ವ್ಯಾಟಿಕನ್‌ನ ಸಿಸ್ಟೈನ್ ಚಾಪೆಲ್‌ನ ಚಾವಣಿಯಲ್ಲಿ ಮೈಕೆಲಾಂಜೆಲೊ 1508ರಿಂದ 1512ರವರೆಗೆ ಮಾಡಿದ್ದೂ ಇದನ್ನೇ. ಆದರೆ ಅಲ್ಲಿ ಜನ ತಳ್ಳುತ್ತಿರುತ್ತಾರೆ. ಕಣ್ಣಿಗೆ ಅಭ್ಯಾಸ ಆಗಬೇಕಾದ್ದು ಇಲ್ಲೇ, ಬೆಂಚಿನ ಮೇಲೆ ಕೂತು.

ನಿನ್ನ ಪಟ್ಟಿಯಲ್ಲಿ ಸಂತ್ ಇನ್ಯಾಸಿಯೊ ಚರ್ಚೇ ಇಲ್ಲ! ನಮ್ಮ ಚಾಪೆಲ್ ಯಾರ ಹೆಸರಿನದೋ ಆ ಅಲೋಶಿಯಸರ ಸಮಾಧಿ ಇರುವುದು ಅಲ್ಲೇ. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ತಾನೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡರು. ಬರೀ 23 ವರ್ಷ, ನಿನಗಿಂತ ಚಿಕ್ಕವರು. ಅಲ್ಲಿ ಚಿತ್ರ ಬಿಡಿಸಿದ ಆಂಡ್ರಿಯಾ ಪೊಜ್ಜೊ ಕೂಡ ಜೆಸ್ವಿಟ್ ಬ್ರದರ್, ಮೊಸ್ಕೇನಿಗಿಂತ ಇನ್ನೂರು ವರ್ಷ ಹಿಂದಿನವರು. ಆ ಚರ್ಚಿಗೆ ಗುಮ್ಮಟ ಕಟ್ಟಲೇ ಇಲ್ಲ. ಪೊಜ್ಜೊ ಕ್ಯಾನ್ವಾಸ್ ಮೇಲೆ ಗುಮ್ಮಟ ಬಿಡಿಸಿ ಮೇಲೆ ಕೂರಿಸಿಬಿಟ್ಟರು, 1685ರಲ್ಲಿ. ನೆಲದಲ್ಲಿ ಗುರುತು ಹಾಕಿದ ಜಾಗದಲ್ಲಿ ನಿಂತರೆ ನಿಜವಾದ ಗುಮ್ಮಟದ ಹಾಗೇ ಕಾಣುತ್ತದೆ. ಅಲ್ಲಿಂದ ಸುಮ್ನೆ ಮುಂದೆ ನಡೆಯುತ್ತಾ ಹೋಗು, ಗುಮ್ಮಟ ವಾಲತೊಡಗುತ್ತದೆ. ನನಗಂತೂ ರೋಮ್‌ನಲ್ಲಿ ಸಿಸ್ಟೈನ್‌ಗಿಂತ ಜಾಸ್ತಿ ಹಿಡಿಸಿದ್ದು ಅದು. ಟೂರ್‌ನವರು ಬಸ್ಸಿಗೆ ಹತ್ತಿ ಎಂದು ಕೂಗಿದರೂ ನಾನು ಹೊರಡಲಿಲ್ಲ.

ಅಲ್ಲಿಂದ ಪ್ಯಾಂಥಿಯನ್‌ಗೆ ನಡೆದೇ ಹೋಗಬಹುದು. ಅದು ರೋಮನ್ನರ ದೇವಸ್ಥಾನ, 609ರಲ್ಲಿ ಚರ್ಚ್ ಆಯಿತು. ಪ್ರಾರ್ಥನೆ ನಡೆಯುತ್ತಾ ಬಂದಿದ್ದಕ್ಕೇ ಸುತ್ತಲಿನ ಕಟ್ಟಡಗಳ ಕಲ್ಲು ಕಿತ್ತೊಯ್ದವರ ಕೈಯಿಂದ ಇದು ಬಹುಮಟ್ಟಿಗೆ ಉಳಿಯಿತು. ನಮ್ಮ ಕದ್ರಿಯ ಲೋಕೇಶ್ವರನ ಕಥೆಯೂ ಇದೇ ಅಲ್ವಾ? ಆಳುಪ ವಂಶದ ಅರಸ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಕಂಚಿನ ಮೂರ್ತಿ. ಬೌದ್ಧರ ಅವಲೋಕಿತೇಶ್ವರ ಎನ್ನುತ್ತಾರೆ ವಿದ್ವಾಂಸರು. ಈಗ ಶಿವನ ದೇವಸ್ಥಾನದಲ್ಲಿದ್ದಾನೆ. ಪ್ಯಾಂಥಿಯನ್ ನೆತ್ತಿಯಲ್ಲಿ ದೊಡ್ಡ ತೂತಿದೆ, ಮಳೆ ನೇರ ಒಳಗೆ ಬೀಳುತ್ತದೆ. ನೀರು ಹೋಗಲು ನೆಲದಲ್ಲಿ ಸಣ್ಣ ತೂತುಗಳಿವೆ, ಹುಡುಕು.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕು. ಬ್ಯಾಗಿನಲ್ಲಿ ಒಂದು ಶಾಲು ಇರಲಿ. ಎಷ್ಟೋ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಬೆಳಿಗ್ಗೆಯೇ ಹೊರಡು. ಬೀದಿಯ ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡ.

ಚಿಲ್ಲರೆ ಇಟ್ಟುಕೊಳ್ಳಲು ಮಾತ್ರ ಮರೆಯಬೇಡ. ಸಾನ್ ಲೂಯಿಜಿ ಚರ್ಚಿನಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊನ ಮೂರು ಚಿತ್ರ ಕತ್ತಲಲ್ಲಿರುತ್ತವೆ, ಪೆಟ್ಟಿಗೆಗೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹತ್ತುತ್ತದೆ. ಪಕ್ಕದವರು ಹಾಕಲಿ ಎಂದು ಎಲ್ಲರೂ ಕಾಯುತ್ತಾ ನಿಂತಿರುತ್ತಾರೆ. ನೀನು ಜಿಪುಣತನ ಮಾಡಬೇಡ, ಹಾಕು.

ನಿನ್ನ
ದೊಡ್ಡಮ್ಮ