ತೆರಿಗೆಗೆ ಸಿಸಿ ಗೊತ್ತು, ಲೈಸೆನ್ಸಿಗೆ ಗೊತ್ತಿಲ್ಲ

ಮಾನ್ಯ ಸಂಪಾದಕರೇ,

ಸೂಪರ್‌ಬೈಕುಗಳನ್ನೇ ಬ್ಯಾನ್ ಮಾಡಬೇಕು ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದ ಪತ್ರ ನನ್ನ ಕಣ್ಣಿಗೆ ಬಿದ್ದದ್ದು ಸರಿಯಾದ ಹೊತ್ತಿಗೆ. ಅವತ್ತು ಬೆಳಿಗ್ಗೆ ಸಾವಿರ ಸಿಸಿಯ ಸೆಕೆಂಡ್ ಹ್ಯಾಂಡ್ ಬೈಕೊಂದಕ್ಕೆ ಅಡ್ವಾನ್ಸ್ ಕಳಿಸಲೋ ಬೇಡವೋ ಎಂದು ಫೋನ್ ಹಿಡಿದುಕೊಂಡು ಕೂತಿದ್ದೆ. ಕಾಫಿ ಆರಿ ಹೋಗಿತ್ತು. ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಸ್ವಲ್ಪ ಯೋಚನೆ ಬಂತು. ಅದಕ್ಕೇ ಇದು.

ನನಗೀಗ 37. ಊರು ಹಾಸನ. ಓಡಿಸುವುದು 2017ರ ಅಪಾಚಿ ಆರ್‌ಟಿಆರ್ 200. ಇಪ್ಪತ್ತು ಹಾರ್ಸ್ ಪವರ್ ಚಿಲ್ಲರೆ, ನೂರೈವತ್ತು ಕೆಜಿ ಆಸುಪಾಸು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ್ದು. 62 ಸಾವಿರ ಕಿಲೋಮೀಟರ್ ಆಗಿದೆ. ಆಫೀಸು, ತರಕಾರಿ, ತೋಟ, ಸಕಲೇಶಪುರ, ಬಿಸಿಲೆ, ಮಳೆಗಾಲದ ಶಿರಾಡಿ ಎಲ್ಲದಕ್ಕೂ ಅದೇ. ನೋಡಲು ಹೋಗಿದ್ದ ಬೈಕಿಗೆ ಇನ್ನೂರು ಹಾರ್ಸ್ ಪವರ್, ತೂಕ ಇನ್ನೂರು ಕೆಜಿ ಮೇಲೆ ಸ್ವಲ್ಪ. ಅಂದರೆ ತೂಕ ಮೂರರಲ್ಲೊಂದು ಭಾಗದಷ್ಟು ಜಾಸ್ತಿ, ಶಕ್ತಿ ಹತ್ತು ಪಟ್ಟು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದಾಗ ನನಗೇ ಸ್ವಲ್ಪ ನಗು ಬಂತು. ಆದರೂ ಆಸೆ ಹೋಗಲಿಲ್ಲ. ಬೈಕಿನ ಹುಚ್ಚಿದ್ದವರಿಗೆ ಇದು ಗೊತ್ತಿರುತ್ತದೆ, ಇಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ.

ಮಾರುವವರು ಬೆಂಗಳೂರಿನವರು, ಒಳ್ಳೆಯ ಮನುಷ್ಯ. ಬೈಕು ಕನ್ನಡಿ ಥರ ಇತ್ತು. ಆರು ವರ್ಷದಲ್ಲಿ ಎಂಟು ಸಾವಿರ ಕಿಲೋಮೀಟರ್. ನಾನು ಅದನ್ನು ಪ್ಲಸ್ ಪಾಯಿಂಟು ಅಂದುಕೊಂಡೆ. ಊರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಇನ್ನೂ ಹತ್ತಾರು ಜಾಹೀರಾತು ತೆಗೆದು ನೋಡಿದೆ. ಐದು ವರ್ಷಕ್ಕೆ ಆರು ಸಾವಿರ, ಏಳು ವರ್ಷಕ್ಕೆ ಒಂಬತ್ತು ಸಾವಿರ, ಹೆಚ್ಚುಕಡಿಮೆ ಎಲ್ಲವೂ ಹೀಗೇ. ಹತ್ತಿಪ್ಪತ್ತು ಲಕ್ಷ ಕೊಟ್ಟು ತಂದವರು ಓಡಿಸುತ್ತಲೇ ಇಲ್ಲ! ಯಾಕೆ ಮಾರ್ತಿದ್ದೀರಿ ಅಂತ ಕೇಳಿದ್ದಕ್ಕೆ ಆ ಮನುಷ್ಯ ಕವರ್ ಮುಚ್ಚುತ್ತಾ, "ಮಗು ಆಯ್ತು ಸಾರ್, ಆಮೇಲೆ ತೆಗೆಯೋಕೇ ಧೈರ್ಯ ಬರ್ಲಿಲ್ಲ" ಅಂದಿದ್ದರು. ಅವರು ಹೇಳಿದಾಗ ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿದ್ದು ಕುಣಿಗಲ್ ದಾಟಿದ ಮೇಲೆ.

ಸಾಲದ ಕಥೆ ಕೇಳಿ. ಫೋನಿನಲ್ಲೇ ಅರ್ಧ ಗಂಟೆಗೆ ಸಾಲ ಓಕೆ ಆಯಿತು. ಪ್ಯಾನ್ ಕೇಳಿದರು, ಆಧಾರ್ ಕೇಳಿದರು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು, ಮನೆ ಸ್ವಂತದ್ದಾ ಬಾಡಿಗೆಯದಾ ಅಂತಲೂ ಕೇಳಿದರು. ಇಷ್ಟು ದಿನ ಯಾವ ಬೈಕು ಓಡಿಸಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ. ಕಂತು ಕಟ್ಟುವ ಶಕ್ತಿ ಇದೆಯಾ ಅನ್ನುವುದಷ್ಟೇ ಎಲ್ಲರ ಚಿಂತೆ. ಓಡಿಸುವ ಶಕ್ತಿ ಇದೆಯಾ ಅನ್ನುವುದು ಯಾರ ಚಿಂತೆಯೂ ಅಲ್ಲ.

ಸರಿ, ಸರ್ಕಾರವಾದರೂ ಕೇಳುತ್ತದಾ? ಇಲ್ಲಿದೆ ನೋಡಿ ತಮಾಷೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18 ಪರ್ಸೆಂಟ್, ಅದರ ಮೇಲಿನದಕ್ಕೆ 40. ಥರ್ಡ್ ಪಾರ್ಟಿ ವಿಮೆಗೂ ಸಿಸಿ ಲೆಕ್ಕ ಇದೆ. 2022ರಲ್ಲಿ ಗೊತ್ತು ಮಾಡಿದ ದರದ ಪ್ರಕಾರ 350 ಸಿಸಿ ಮೇಲಿನ ಹೊಸ ಬೈಕಿಗೆ ಐದು ವರ್ಷದ ಪ್ರೀಮಿಯಂ 15,117 ರೂಪಾಯಿ, 150ರಿಂದ 350ರ ಒಳಗಿನದಕ್ಕೆ ಅದರ ಅರ್ಧದಷ್ಟು. ತೆರಿಗೆಗೆ ಸಿಸಿ ಗೊತ್ತು, ವಿಮೆಗೆ ಸಿಸಿ ಗೊತ್ತು. ಲೈಸೆನ್ಸಿಗೆ ಮಾತ್ರ ಗೊತ್ತಿಲ್ಲ.

ನನ್ನ ಲೈಸೆನ್ಸು 2006ರದ್ದು. ಸ್ನೇಹಿತನ ಸ್ಪ್ಲೆಂಡರ್ ತಗೊಂಡು ಹೋಗಿ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿದ್ದೆ. ಕಾಲು ಕೆಳಗಿಡಲಿಲ್ಲ, ಪಾಸು. ಎರಡು ನಿಮಿಷದ ಆ ಎಂಟೇ ಇವತ್ತಿಗೂ ನನ್ನ ಪೂರ್ತಿ ವಿದ್ಯಾರ್ಹತೆ. ಅದೇ ಕಾರ್ಡು ತೋರಿಸಿ ನಾಳೆ ಇನ್ನೂರು ಹಾರ್ಸ್ ಪವರ್ ಬೈಕು ಮನೆಗೆ ತರಬಹುದು. ಕಾನೂನು ಕೇಳುವುದು ಗೇರ್ ಇದೆಯಾ ಇಲ್ಲವಾ ಅಂತ ಮಾತ್ರ. ಇನ್ನೊಂದು ಗೆರೆ ಇದೆ, ಹದಿನಾರು ತುಂಬಿದವರು 50 ಸಿಸಿವರೆಗಿನ ಗಾಡಿ ಓಡಿಸಬಹುದು ಅಂತ. ಆ 50 ಸಿಸಿ ಪೆಟ್ರೋಲ್ ಗಾಡಿ ಈಗ ಯಾವ ಶೋರೂಮಿನಲ್ಲಿ ಕಾಣುತ್ತದೋ ದೇವರೇ ಬಲ್ಲ.

ಬ್ರಿಟನ್ನಿನಲ್ಲಿ ಹೀಗಿಲ್ಲ. ಹದಿನೇಳಕ್ಕೆ 125 ಸಿಸಿ. ಹತ್ತೊಂಬತ್ತಕ್ಕೆ ಇನ್ನೊಂದು ಪರೀಕ್ಷೆ, ಆಗ 35 ಕಿಲೋವ್ಯಾಟ್‌ವರೆಗೆ, ಅಂದರೆ 47 ಹಾರ್ಸ್ ಪವರ್. ನಮ್ಮಲ್ಲಿ ಸಿಗುವ ಕೆಟಿಎಂ 390 ಡ್ಯೂಕ್ ಬೈಕು ಆ ಮೆಟ್ಟಿಲಿಗೆ ಬರುತ್ತದೆ. ದೊಡ್ಡದು ಬೇಕೆಂದರೆ 24 ತುಂಬಬೇಕು, ಅಥವಾ ಎರಡನೇ ಮೆಟ್ಟಿಲಲ್ಲಿ ಎರಡು ವರ್ಷ ಕಳೆದಿದ್ದರೆ 21ಕ್ಕೆ ಮತ್ತೊಂದು ಪರೀಕ್ಷೆ ಕೊಡಬಹುದು. ಜಪಾನಿನಲ್ಲಿ 400 ಸಿಸಿ ಮೇಲೆ ಓಡಿಸಲು ಬೇರೆಯದೇ ಲೈಸೆನ್ಸು. ನಮ್ಮ ಹುಡುಗರು ಹದಿನೆಂಟು ತುಂಬಿದ ಮಾರನೇ ದಿನ ಅಪ್ಪನ ದುಡ್ಡಿದ್ದರೆ ಏನು ಬೇಕಾದರೂ ಹತ್ತಬಹುದು.

ಹಾಗಂತ ಬ್ಯಾನ್ ಮಾಡಿ ಎನ್ನುವ ಓದುಗರ ಮಾತನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ, ಅದರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ದ್ವಿಚಕ್ರದವರು. ಕೇಂದ್ರ ಸಾರಿಗೆ ಇಲಾಖೆಯೇ ಕೊಟ್ಟ ಲೆಕ್ಕ. ನಮ್ಮ ರಸ್ತೆ ತುಂಬಾ ಇರುವುದು ನೂರು, ನೂರೈವತ್ತು ಸಿಸಿಯ ಗಾಡಿಗಳೇ ಅಲ್ವಾ? ಸೂಪರ್‌ಬೈಕುಗಳನ್ನೆಲ್ಲ ಸಮುದ್ರಕ್ಕೆ ಎಸೆದರೂ ಹೆಲ್ಮೆಟ್ ಕನ್ನಡಿಗೆ ನೇತುಹಾಕಿಕೊಂಡು ಹೋಗುವವನು ಹಾಗೇ ಹೋಗುತ್ತಿರುತ್ತಾನೆ. ಆದರೆ ಓದುಗರ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. ಅಮೆರಿಕದ ವಿಮಾ ಕಂಪನಿಗಳೇ ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2007ರಲ್ಲಿ ಲೆಕ್ಕ ತೆಗೆದಾಗ ಸೂಪರ್‌ಸ್ಪೋರ್ಟ್, ಅಂದರೆ ರೇಸಿನ ಥರದ ಬೈಕಿನವರ ಸಾವಿನ ಪ್ರಮಾಣ ಉಳಿದ ಬೈಕಿನವರದ್ದಕ್ಕಿಂತ ಸುಮಾರು ನಾಲ್ಕು ಪಟ್ಟಿತ್ತು. ಅದು ಅವರ ರಸ್ತೆಗಳಲ್ಲಿ.

ನಮ್ಮ ರಸ್ತೆಯ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದ ಹಿಂದೆ, ಸುಗ್ಗಿ ಟೈಮು, ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ ರಸ್ತೆ. ತಿರುವು ದಾಟಿದರೆ ಎದುರಿಗೆ ರಸ್ತೆ ಅಗಲಕ್ಕೂ ಹುರುಳಿ ಹರಡಿದ್ದರು, ಗಾಡಿಗಳು ಓಡಾಡಿ ಒಕ್ಕಣೆ ಆಗಲಿ ಅಂತ. ನನ್ನ ಸ್ಪೀಡು ಐವತ್ತು ಇದ್ದಿರಬಹುದು. ಬ್ರೇಕ್ ಮುಟ್ಟಿದೆ ಅಷ್ಟೆ, ಮುಂದಿನ ಚಕ್ರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ನಾನು ಮತ್ತು ಬೈಕು ಬೇರೆ ಬೇರೆಯಾಗಿ ಜಾರಿಕೊಂಡು ಹೋದೆವು. ಕಾಲರ್ ಬೋನ್ ಮುರಿಯಿತು. ಹುರುಳಿಯ ಯಜಮಾನರು ಓಡಿ ಬಂದು ನೀರು ಕುಡಿಸಿದರು, ಕುಡಿಸುತ್ತಲೇ ಬೈದರು: "ಒಸಿ ನಿಧಾನಕ್ಕೆ ಬರಕ್ಕಾಗಕಿಲ್ವೇನಪ್ಪ?" ಐವತ್ತನ್ನು ನಾನು ನಿಧಾನ ಅಂತಲೇ ತಿಳಿದಿದ್ದೆ. ಇನ್ನೂರು ಹಾರ್ಸ್ ಪವರ್ ಬೈಕು ಒಂದನೇ ಗೇರಿನಲ್ಲೇ ನೂರು ದಾಟುತ್ತದೆ.

ಈಗಿನ ದೊಡ್ಡ ಬೈಕಿನಲ್ಲಿ ಎಲೆಕ್ಟ್ರಾನಿಕ್ಸ್ ಇದೆಯಲ್ಲ, ಅದೇ ಕಾಪಾಡುತ್ತೆ ಅಂತ ನನ್ನ ಅತ್ತೆ ಮಗ ವಾದ ಮಾಡಿದ. ಇದೆ, ನಿಜ. ಎಬಿಎಸ್, ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಮಳೆಗೊಂದು ಮೋಡ್, ಬೈಕು ಎಷ್ಟು ವಾಲಿದೆ ಅಂತ ಅಳೆದು ಬ್ರೇಕು ಹದ ಮಾಡುವ ಸೆನ್ಸರ್. ನನ್ನ ಹಳೇ ಅಪಾಚಿಗಿಂತ ಎಷ್ಟೋ ಮೇಲು, ಇಲ್ಲ ಅನ್ನುವುದಿಲ್ಲ. ಆದರೆ ತಿರುವಿನ ಆಚೆ ಇರುವ ಹುರುಳಿ ಅದಕ್ಕೆ ಕಾಣುತ್ತದಾ? ಬಣ್ಣ ಹೊಡೆಯದ ಹಂಪ್ಸ್ ಕಾಣುತ್ತದಾ? ರಾಂಗ್ ಸೈಡಿನಲ್ಲಿ ಹುಲ್ಲಿನ ಹೊರೆ ಹೊತ್ತು ಬರುವ ಟಿವಿಎಸ್ ಎಕ್ಸೆಲ್ ಕಾಣುತ್ತದಾ? ಗಂಟೆಗೆ 80ರಲ್ಲಿದ್ದರೆ ಒಂದು ಸೆಕೆಂಡಿಗೆ 22 ಮೀಟರ್ ಹೋಗಿರುತ್ತೇವೆ. 160ರಲ್ಲಿ 44 ಮೀಟರ್. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಮಾತ್ರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದಕ್ಕೆ ಯಾವ ಕಂಪನಿಯೂ ಇನ್ನೂ ಸೆನ್ಸರ್ ಮಾಡಿಲ್ಲ.

ಮತ್ತೆ ಓಡಿಸುವುದು ಎಲ್ಲಿ? ನನ್ನ ಹೆಂಡತಿ ಕೇಳಿದ್ದು ಇದೊಂದೇ ಪ್ರಶ್ನೆ. ಬೇಡ ಅನ್ನಲಿಲ್ಲ, ಅಳಲಿಲ್ಲ, ದುಡ್ಡಿನ ಮಾತೆತ್ತಲಿಲ್ಲ. "ತಗೊಳ್ಳಿ ರೀ, ಆದ್ರೆ ಯಾವ ರೋಡಲ್ಲಿ ಓಡಿಸ್ತೀರ?" ಉತ್ತರ ಹುಡುಕಿದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಿ ಅಂದಿದ್ದಾರೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಮಿತಿಯೇ 80. ಸಿಟಿ ಒಳಗೆ ನಾಲ್ಕು ಸಿಲಿಂಡರಿನ ಬಿಸಿ ತೊಡೆ ಬೇಯಿಸುತ್ತದೆ, ಸಿಗ್ನಲ್ಲಿನಲ್ಲಿ ರೇಡಿಯೇಟರ್ ಫ್ಯಾನ್ ಶುರುವಾದರೆ ಒಲೆ ಮುಂದೆ ಕೂತ ಹಾಗೆ. ಹಿಂದಿನ ಸೀಟು ಚಪಾತಿ ಮಣೆಯಷ್ಟಿದೆ, ಅದರ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಅರಸೀಕೆರೆಗೆ ಮದುವೆಗೆ ಹೋಗುವ ಮಾತೇ ಇಲ್ಲ. ಕೊನೆಗೆ ಉಳಿಯುವುದು ಭಾನುವಾರ ಬೆಳಿಗ್ಗೆ ಆರಕ್ಕೆದ್ದು ಸಕಲೇಶಪುರಕ್ಕೆ ಹೋಗಿ ಅಕ್ಕಿ ರೊಟ್ಟಿ ತಿಂದು ಬರುವುದು. ಆ ರೊಟ್ಟಿಯ ಬೆಲೆ ಲೆಕ್ಕ ಹಾಕಿದೆ. ಹಿಂದಿನ ಟೈರೊಂದೇ ಇಪ್ಪತ್ತು ಸಾವಿರದ ಮೇಲೆ, ಅದೂ ನನ್ನ ಅಪಾಚಿ ಟೈರಿನಷ್ಟು ದಿನ ಬರುವುದಿಲ್ಲ.

ಇನ್ನೊಂದು ವಿಷಯ ಹೇಳಲು ಸ್ವಲ್ಪ ನಾಚಿಕೆ. ಹೋದ ವರ್ಷ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಎರಡು ದಿನದ ತರಬೇತಿಗೆ ಹೋಗಿದ್ದೆ. 3.7 ಕಿಲೋಮೀಟರ್, ಹನ್ನೆರಡು ತಿರುವು. ಹತ್ತೊಂಬತ್ತು ವರ್ಷ ಬೈಕು ಓಡಿಸಿದವನು ನಾನು, ನನಗೇನು ಹೇಳಿಕೊಡುತ್ತಾರೆ ಅಂದುಕೊಂಡೇ ಹೋದದ್ದು. ಮೊದಲ ಅರ್ಧ ದಿನ ಹೇಳಿಕೊಟ್ಟಿದ್ದು ಎಲ್ಲಿ ನೋಡಬೇಕು ಅಂತ. ತಿರುವಿನಲ್ಲಿ ನಾನು ಚಕ್ರದ ಮುಂದಿನ ಹತ್ತಡಿ ನೋಡುತ್ತಿದ್ದೆ, ತಿರುವು ಮುಗಿಯುವ ಜಾಗ ನೋಡಬೇಕಂತೆ. ಆಮೇಲೆ ಆ್ಯಕ್ಸಿಲರೇಟರ್. ಭಯವಾದಾಗ ನಾನು ತಿರುವಿನ ಮಧ್ಯದಲ್ಲೇ ಪಟ್ ಅಂತ ಅದನ್ನು ಬಿಡುತ್ತೇನೆ, ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಬೈಕು ಗೆರೆ ಬಿಟ್ಟು ಹೋಗುತ್ತದೆ. ಅಪಾಚಿಯಲ್ಲಿ ಇಂಥ ತಪ್ಪು ಸಾವಿರ ಸಲ ಮಾಡಿದ್ದೇನೆ, ಅದು ಒಂದು ಸಲ ತಲೆ ಆಡಿಸಿ ಸುಮ್ಮನಾಗುತ್ತದೆ. ಸಾವಿರ ಸಿಸಿಯಲ್ಲಿ ಗುಂಡಿ ಹಾರಿದಾಗ ಮಣಿಕಟ್ಟು ಅರ್ಧ ಇಂಚು ತಿರುಗಿದರೂ ಸಾಕು, ಅದು ನಿಮ್ಮ ಅಪ್ಪಣೆ ಅಂತಲೇ ತಿಳಿದು ಹಾರುತ್ತದೆ. ಎರಡನೇ ದಿನ ಒಬ್ಬ ಹುಡುಗ, ಇಪ್ಪತ್ತರ ಒಳಗಿನವನು, ನೂರೈವತ್ತು ಸಿಸಿಯ ಆರ್15 ತಂದಿದ್ದ. ನನ್ನನ್ನು ಹೊರಗಿನಿಂದ ದಾಟಿ ಹೋದ. ಒಂದಲ್ಲ, ಮೂರು ಸಲ. ನನ್ನ ಇಪ್ಪತ್ತು ಹಾರ್ಸ್ ಪವರ್ ನನಗೇ ಮಿಕ್ಕಿತ್ತು.

ಟ್ರ್ಯಾಕಿಗೆ ಹೋದರೆ ಎಲ್ಲ ಸೇಫ್ ಅಂತ ಹೇಳುತ್ತಿಲ್ಲ. 2023ರ ಆಗಸ್ಟ್‌ನಲ್ಲಿ ಅದೇ ಟ್ರ್ಯಾಕಿನ ರೇಸಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಹುಡುಗ ತೀರಿಕೊಂಡ. ಅವನಿಗಿದ್ದ ಪಳಗಿಕೆಯ ಒಂದಂಶ ನನಗಿಲ್ಲ. ಆ ಸುದ್ದಿ ಓದಿದ ದಿನ ಬೈಕು ಹೊರಗೆ ತೆಗೆಯಲು ಮನಸ್ಸಾಗಲಿಲ್ಲ.

ಹೀಗಾಗಿ ಸಾವಿರ ಸಿಸಿಯವರಿಗೆ ಫೋನ್ ಮಾಡಿ ಬೇಡ ಅಂದೆ. ಅವರಿಗೆ ಬೇಜಾರಾಗಲಿಲ್ಲ, "ಒಳ್ಳೇದಾಯ್ತು ಬಿಡಿ ಸಾರ್" ಅಂದರು, ಯಾವ ಅರ್ಥದಲ್ಲೋ. ಎರಡು ಸಿಲಿಂಡರಿನ 650 ಒಂದು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. 68 ಹಾರ್ಸ್ ಪವರ್, ನೆಟ್ಟಗೆ ಕೂರಬಹುದು, ಟೆಸ್ಟ್ ರೈಡಿನಲ್ಲಿ ಕೈಗೆ ಹಿತವಾಗಿತ್ತು. ಆದರೆ ಬ್ರಿಟನ್ನಿನವರ ಎರಡನೇ ಮೆಟ್ಟಿಲಿಗೆ ಅದೂ ಜಾಸ್ತಿಯೇ. 24 ದಾಟಿದ ನನಗೆ ಅಲ್ಲಿ ನೇರವಾಗಿ ದೊಡ್ಡದರ ಪರೀಕ್ಷೆಗೇ ಹೋಗಬಹುದು, ಆದರೂ ಅಲ್ಲಿಯ ಹುಡುಗರ ಥರ ನಾನು ಮೊದಲು ಮುನ್ನೂರು-ನಾನೂರು ಸಿಸಿಯಲ್ಲಿ ಎರಡು ವರ್ಷ ಕಳೆಯಬೇಕು. ನನಗೆ ನಾನೇ ಆರ್‌ಟಿಒ ಆಗಿ ಆ ನಿಯಮ ಹಾಕಿಕೊಂಡಿದ್ದೇನೆ, ನೋಡೋಣ ಎಷ್ಟು ದಿನ ನಿಲ್ಲುತ್ತದೆ.

ಎಲ್ಲರಿಗೂ ಹುರುಳಿ ಮೇಲೆ ಬಿದ್ದು ಬುದ್ಧಿ ಬರಲಿ ಅಂತ ಕಾಯಲಾಗದು. ಲೈಸೆನ್ಸಿನ ಕಾನೂನು ಕೇಂದ್ರದ್ದು, 1988ರ ಮೋಟಾರು ವಾಹನ ಕಾಯ್ದೆ. 2019ರಲ್ಲಿ ಅದಕ್ಕೆ ತಿದ್ದುಪಡಿ ತಂದು ದಂಡ ಏರಿಸಿದಾಗ ಎಷ್ಟು ಗಲಾಟೆ ಆಯಿತು, ಬೈಕಿನ ಲೈಸೆನ್ಸಿಗೆ ಮೆಟ್ಟಿಲು ಬೇಕು ಅಂತ ಮಾತ್ರ ಆ ಗಲಾಟೆಯಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಸಂಸದರು ಒಬ್ಬರಾದರೂ ಕೇಳಲಿ. 350 ಸಿಸಿ ಅನ್ನುವ ಗೆರೆ ಹೇಗೂ ತೆರಿಗೆಯವರ ಹತ್ತಿರ ರೆಡಿ ಇದೆ, ಅದನ್ನೇ ಆರ್‌ಟಿಒಗೆ ಸಾಲ ಕೊಟ್ಟರೂ ಆಗುತ್ತದೆ. ಬ್ಯಾನ್ ಮಾಡಿ ಎಂದ ಓದುಗರು ಇದಕ್ಕೆ ಒಪ್ಪುತ್ತಾರಾ ಅಂತ ತಿಳಿಯುವ ಕುತೂಹಲ ನನಗಿದೆ, ದಯವಿಟ್ಟು ಅವರು ಇನ್ನೊಮ್ಮೆ ಬರೆಯಲಿ.

ಶನಿವಾರ ಅಪಾಚಿಯನ್ನು ಸರ್ವಿಸಿಗೆ ಬಿಡಬೇಕು. ಚೈನ್ ಸ್ಪ್ರಾಕೆಟ್ ಸವೆದಿದೆ, ಮುಂದಿನ ಟೈರೂ ಹಾಕಿಸಬೇಕು.

ಇಂತಿ,
ನಿಮ್ಮ ಓದುಗ
ಹಾಸನ